ಮೂವತ್ತು ದಿನದ ಚಾಲೆಂಜು, ಹನ್ನೊಂದನೇ ದಿನದ ಮೊಣಕಾಲು

ಹೋದ ವರ್ಷ ಜುಲೈ ತಿಂಗಳು, ಬೆಳಿಗ್ಗೆ ಆರು ಗಂಟೆ. ನವನಗರದಾಗ ನಾವು ಮೂವರು ಗೆಳೆಯರು ಬಾಡಿಗೆಗೆ ಹಿಡಿದ ಮೇಲಿನ ರೂಮು. ನೀರಿನ ಕ್ಯಾನಿಗೆ ಮೊಬೈಲ್ ಒರಗಿಸಿಟ್ಟು, ಅದರೊಳಗಿನ ಮನುಷ್ಯ ಜಿಗಿದಂಗ ನಾನೂ ಜಿಗಿಯುತ್ತಿದ್ದೆ. ಅಷ್ಟರಾಗ ಕೆಳಗಿನ ಮನೆಯ ಅಜ್ಜಿ ಮೆಟ್ಟಿಲು ಹತ್ತಿ ಬಂದರು.

"ತಮ್ಮಾ, ಮುಂಜಾನೆ ಎದ್ದು ಏನ್ ಕುಟ್ಟಾಕತ್ತೀರಿ? ಕೆಳಗ ನಮ್ಮ ಫ್ಯಾನು ಅಳ್ಳಾಡಾಕತ್ತೇತಿ."

ಕುಟ್ಟುತ್ತಿದ್ದದ್ದು ಬೇರೇನೂ ಅಲ್ಲ, ನನ್ನ 84 ಕಿಲೋ ದೇಹ. 'ಮನೆಯಲ್ಲೇ, ಯಾವ ಸಾಮಾನೂ ಇಲ್ಲದೆ, 30 ದಿನಗಳಲ್ಲಿ ಹೊಟ್ಟೆ ಕರಗಿಸಿ' ಅನ್ನೋ ಚಾಲೆಂಜಿನ ಎರಡನೇ ದಿನ ಅದು. ಹನ್ನೊಂದನೇ ದಿನಕ್ಕೆ ಎಡಗಾಲಿನ ಮೊಣಕಾಲು ಬಾತುಕೊಂಡಿತು. ಅದರ ಜೊತೆಗೆ, ಬೇಗ ಇಳೀಲಿ ಅಂತ ರಾತ್ರಿ ಊಟ ಬಿಟ್ಟಿದ್ದೆ. ಮರುದಿನ ಲ್ಯಾಬಿನಲ್ಲಿ ಕಣ್ಣು ಕತ್ತಲೆ ಬಂದು ಸ್ಟೂಲಿನ ಮೇಲೆ ಕುಸಿದು ಕೂತೆ. ಚಾಲೆಂಜ್ ಅಲ್ಲಿಗೆ ಮುಗಿಯಿತು. ಗೆಳೆಯರು ಒಂದು ವಾರ ನಕ್ಕರು, ನಾನೂ ನಕ್ಕೆ. ಆದರೆ ಒಳಗೆ ನಗು ಇರಲಿಲ್ಲ.

ಯಾಕಂದರೆ ನಾನು ಅದನ್ನು ಶುರು ಮಾಡಿದ್ದು ಫೋಟೋಕ್ಕಾಗಿ ಅಲ್ಲ. ಆ ವರ್ಷ ಏಪ್ರಿಲ್‌ನಲ್ಲಿ ಅಪ್ಪಗ ಸಕ್ಕರೆ ಕಾಯಿಲೆ ಅಂತ ಗೊತ್ತಾಗಿತ್ತು. ವಯಸ್ಸು 47. ಹೊಲದ ಕೆಲಸ ಬಿಟ್ಟು ಅಂಗಡಿಯಲ್ಲಿ ಕೂಡಾಕ ಹತ್ತಿ ಹತ್ತು ವರ್ಷ ಆಗಿತ್ತು. ಜೊತೆಗೆ ಹೋಗಿದ್ದ ನನ್ನನ್ನು ನೋಡಿ ಡಾಕ್ಟರು "ನೀನೂ ಬಾರಪಾ ಇತ್ತ" ಅಂತ ಕರೆದು ಸೊಂಟಕ್ಕೆ ಟೇಪು ಸುತ್ತಿದರು. 99 ಸೆಂಟಿಮೀಟರ್. ಭಾರತೀಯ ಗಂಡಸರಿಗೆ 90, ಹೆಂಗಸರಿಗೆ 80 ದಾಟಿದರೆ ಎಚ್ಚರಿಕೆಯ ಗಂಟೆ ಅಂತ ಹೇಳಿದರು. ಅಪ್ಪ ಏನೂ ಮಾತಾಡಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ಒಂದೇ ಮಾತು ಹೇಳಿದ: "ನಿನ್ನ ವಯಸ್ಸಿನಾಗ ನನಗ ಇಷ್ಟು ಹೊಟ್ಟಿ ಇರಲಿಲ್ಲಲೇ."

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಮಧುಮೇಹ ಇರೋರು ಸುಮಾರು 10.1 ಕೋಟಿ. ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ 13.6 ಕೋಟಿ. ಎಂಟು ತಾಸು ಬೆಂಚಿನ ಮೇಲೆ, ಮತ್ತೆ ನಾಲ್ಕು ತಾಸು ಲ್ಯಾಪ್‌ಟಾಪ್ ಮುಂದೆ ಕೂಡೋ ನಾವು ಆ ಹೊಸ್ತಿಲಿನ ಕಡೆಗೇ ನಡೆಯುತ್ತಾ ಇದ್ದೇವೆ. ಹಂಗಾಗಿ ಇದು ಬರೀ ಸಿಕ್ಸ್ ಪ್ಯಾಕ್ ವಿಷಯ ಅಲ್ಲ.

ಮನೆಯಲ್ಲೇ ಮಾಡೋ ವ್ಯಾಯಾಮ ಕೆಲಸಕ್ಕೆ ಬರೋದಿಲ್ಲ ಅಂತ ನಾನು ಹೇಳ್ತಿಲ್ಲ. ಅದು ಖಂಡಿತ ಬೇಕು. ಆದರೆ ಅದಕ್ಕೆ ನಾವು ತಪ್ಪು ಕೆಲಸ ಕೊಟ್ಟಿದ್ದೇವೆ, ತಪ್ಪು ಗಡುವನ್ನೂ ಕೊಟ್ಟಿದ್ದೇವೆ. ಇದು ನನ್ನ ವಾದ. ನಾವು ಎಂಜಿನಿಯರಿಂಗ್ ಓದೋರು. ಮೋಟಾರ್ ಕೊಳ್ಳುವ ಮುಂಚೆ ಡೇಟಾಶೀಟ್ ನೋಡ್ತೇವೆ. ಮೈಗೆ ಸಂಬಂಧಿಸಿದ ಪ್ರೋಗ್ರಾಮಿಗೆ ಮಾತ್ರ ಲೆಕ್ಕ ಕೇಳೋದೇ ಇಲ್ಲ.

ಬರ್ರಿ, ಲೆಕ್ಕ ಹಾಕೋಣ. ಒಂದು ಮೆಟ್ ಅಂದರೆ ಸುಮ್ಮನೆ ಕೂತಾಗ ಒಂದು ಕಿಲೋ ತೂಕಕ್ಕೆ ಒಂದು ತಾಸಿಗೆ ಖರ್ಚಾಗೋ ಸುಮಾರು 1 ಕಿಲೋಕ್ಯಾಲರಿ. ಜೋರಾದ ಕಸರತ್ತಿಗೆ ಸುಮಾರು 8 ಮೆಟ್. 84 ಕಿಲೋದ ನಾನು 20 ನಿಮಿಷ ಜಿಗಿದರೆ 84 ಗುಣಿಸು 8, ಭಾಗಿಸು 3. ಅಂದಾಜು 224 ಕಿಲೋಕ್ಯಾಲರಿ. ಒಂದು ಕಿಲೋ ಮೈಕೊಬ್ಬಿನಲ್ಲಿ ಇರೋದು ಸುಮಾರು 7700. ಅಂದರೆ ಬರೀ ಆ ಜಿಗಿತದಿಂದ ಒಂದು ಕಿಲೋ ಕರಗಿಸಾಕ 34 ದಿನ ಬೇಕು. ಚಾಲೆಂಜೇ 30 ದಿನದ್ದು!

ಮೆಟ್ಟಿಲು ಹತ್ತೋದನ್ನೂ ನೋಡೋಣ. ನಾಲ್ಕು ಅಂತಸ್ತು ಅಂದರೆ 12 ಮೀಟರ್ ಅಂತ ಹಿಡೀರಿ. ಎಂ.ಜಿ.ಎಚ್. ಸೂತ್ರ ಹಾಕಿ, ಸ್ನಾಯುಗಳ ದಕ್ಷತೆ ಶೇಕಡಾ 25 ಅಂತ ಇಟ್ಟುಕೊಂಡರೆ, ನನಗೆ ಒಂದು ಸಲ ಹತ್ತಾಕ ಖರ್ಚಾಗೋದು ಸುಮಾರು 9 ಕಿಲೋಕ್ಯಾಲರಿ. ಒಂದು ಚಮಚ ಸಕ್ಕರೆ ಅಂದರೆ 5 ಗ್ರಾಂ, 20 ಕಿಲೋಕ್ಯಾಲರಿ. ನಾನು ಆಗ ದಿನಕ್ಕೆ ನಾಲ್ಕು ಚಹಾ ಕುಡಿಯುತ್ತಿದ್ದೆ, ಎರಡೆರಡು ಚಮಚ ಸಕ್ಕರೆ ಹಾಕಿ. ಬರೀ ಸಕ್ಕರೆಯ ಲೆಕ್ಕವೇ 160. ಮುಂಜಾನೆ ಅಜ್ಜಿಯ ಫ್ಯಾನು ಅಳ್ಳಾಡಿಸಿ ಗಳಿಸಿದ್ದರಲ್ಲಿ ಮುಕ್ಕಾಲು ಭಾಗ ಚಹಾದ ಅಂಗಡಿಗೇ ಜಮಾ. ಸಂಜೆಯ ಮಿರ್ಚಿ ಭಜಿ 20 ಗ್ರಾಂ ಎಣ್ಣೆ ಹೀರಿದ್ದರೂ ಅದರ ಮೇಲೆ ಇನ್ನೊಂದು 180.

ಇನ್ನು ಚಾಲೆಂಜುಗಳ ಹೀರೋಗಳನ್ನು ನೋಡೋಣ. ಎಲ್ಲರೂ ನೂರು ನೂರು ಹೊಡೀರಿ ಅನ್ನೋ ಬರ್ಪಿಯನ್ನು 1930ರ ದಶಕದಲ್ಲಿ ರೂಪಿಸಿದವರು ಅಮೆರಿಕದ ರಾಯಲ್ ಎಚ್. ಬರ್ಪಿ. ಅದು ಮನುಷ್ಯನ ದೇಹ ಎಷ್ಟು ಸಮರ್ಥ ಅಂತ ಅಳೆಯೋ ಪರೀಕ್ಷೆ ಆಗಿತ್ತು. ನಾಲ್ಕು ಸಲ ಮಾಡಿಸಿ ನಾಡಿಬಡಿತ ನೋಡೋದು, ಅಷ್ಟೇ. ಇನ್ನೊಂದು ತಬಾಟಾ: 20 ಸೆಕೆಂಡ್ ಜೋರು, 10 ಸೆಕೆಂಡ್ ವಿಶ್ರಾಂತಿ, ಒಟ್ಟು ನಾಲ್ಕು ನಿಮಿಷ. ಜಪಾನಿನ ಇಝುಮಿ ತಬಾಟಾ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಆ ಪ್ರಯೋಗ ನಡೆದದ್ದು ನಿಂತಲ್ಲೇ ತುಳಿಯೋ ಸೈಕಲ್ ಮೇಲೆ. ತುಳಿದವರು ಮೊದಲೇ ಆಟೋಟದಲ್ಲಿ ಪಳಗಿದ ಹುಡುಗರು. ಅಲ್ಲಿ ಅಳೆದದ್ದು ದೇಹ ಆಮ್ಲಜನಕ ಬಳಸೋ ಸಾಮರ್ಥ್ಯವನ್ನು, ಹೊಟ್ಟೆಯ ಸುತ್ತಳತೆಯನ್ನಲ್ಲ. ಎರಡೂ ಒಳ್ಳೆಯ ಕೆಲಸಗಳೇ. ಆದರೆ ಹೊಟ್ಟೆ ಕರಗಿಸುವ ಭರವಸೆಯನ್ನು ಅವರಿಬ್ಬರೂ ಕೊಟ್ಟಿರಲಿಲ್ಲ, ನಂತರ ಬಂದವರು ಅಂಟಿಸಿದರು. ಇನ್ನೊಂದು ಮಾತು: ಪ್ಲಾಂಕ್ ಮಾಡಿದರೆ ಹೊಟ್ಟೆಯ ಸ್ನಾಯು ಗಟ್ಟಿಯಾಗುತ್ತದೆ, ಅದರ ಮೇಲಿನ ಕೊಬ್ಬು ಅಲ್ಲೇ ಕರಗೋದಿಲ್ಲ. ದೇಹ ಕೊಬ್ಬನ್ನು ಎಲ್ಲಿಂದ ತೆಗೆದು ಖರ್ಚು ಮಾಡಬೇಕು ಅಂತ ನಮ್ಮನ್ನು ಕೇಳೋದಿಲ್ಲ.

ಆಗಸ್ಟ್‌ನಲ್ಲಿ ಊರಿಗೆ ಹೋಗಿದ್ದೆ. ನಮ್ಮೂರು ಹುನಗುಂದ ತಾಲ್ಲೂಕಿನಾಗ. ಕುಂಟುತ್ತಾ ಬಂದದ್ದು ನೋಡಿ ಅಜ್ಜ ಕೇಳಿದ, ನಾನು ಎಲ್ಲಾ ಹೇಳಿದೆ. ಅಜ್ಜ ಹರೆಯದಲ್ಲಿ ಗರಡಿ ಮನ್ಯಾಗ ಸಾಮು ತೆಗೆದವನು. ದಂಡ, ಬೈಠಕ್, ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತೋದು, ಎಲ್ಲಾ ಮಾಡಿದವನು. ಪೂರ್ತಿ ಕೇಳಿ ನಕ್ಕ.

"ತಿಂಗಳದಾಗ ತಯಾರಾಗಾಕ ಅದೇನು ಮೆಂತೇ ಪಲ್ಲೆ ಏನಲೇ?"

ಆಮೇಲೆ ಹೇಳಿದ: "ಗರಡ್ಯಾಗ ಮೊದಲನೇ ದಿನ ಉಸ್ತಾದ ನಮಗ ಹತ್ತು ಬೈಠಕ್ ಮ್ಯಾಲ ಹೊಡ್ಯಾಕ ಬಿಡ್ತಿರಲಿಲ್ಲ. ಯಾಕ್ರೀ ಅಂದ್ರ, ನಾಳೆ ಮತ್ತ ಬರಬೇಕಲ್ಲ ಅಂತಿದ್ದ."

ನಾಳೆ ಮತ್ತ ಬರಬೇಕಲ್ಲ. ನನ್ನ ಚಾಲೆಂಜಿನಲ್ಲಿ ಇಲ್ಲದೇ ಇದ್ದದ್ದು ಇದೊಂದೇ ವಾಕ್ಯ. ಅದು ಇವತ್ತೇ ನನ್ನನ್ನು ಮುಗಿಸಿಬಿಡುವಂಗ ಇತ್ತು.

ಹಂಗಂತ ಹಿಂದಿನದೆಲ್ಲಾ ಚಿನ್ನ ಅಂತಲೂ ನಾನು ಹೇಳೋದಿಲ್ಲ. ಅಜ್ಜನ ಗರಡಿಯೊಳಗೆ ಅಜ್ಜಿಗೆ ಪ್ರವೇಶ ಇರಲಿಲ್ಲ. ನಮ್ಮ ಕ್ಲಾಸಿನ ಗೆಳತಿಯೊಬ್ಬಳ ಮುಂದೆ ಒಮ್ಮೆ ನಾನು, "ಮನ್ಯಾಗ ಯಾಕ, ಗ್ರೌಂಡಿಗೆ ಹೋಗಿ ಓಡಬೇಕು" ಅಂತ ದೊಡ್ಡದಾಗಿ ಭಾಷಣ ಮಾಡಿದ್ದೆ. ಅವಳು ಕೊಟ್ಟ ಉತ್ತರ ಇದು: "ನಿಮಗೇನಪಾ, ಐದಕ್ಕ ಎದ್ದು ಸೆಕ್ಟರ್ ರೋಡಿನಾಗ ಓಡ್ತೀರಿ. ನಾ ಓಡಿದ್ರ ಚಹಾದ ಅಂಗಡಿ ಮಂದಿ ಎಲ್ಲಾ ನನ್ನ ಕಡೆನ ನೋಡ್ತಾರ." ಅವಳು ಮೂವರಿರೋ ರೂಮಿನಲ್ಲಿ ಎರಡು ಮಂಚದ ನಡುವಿನ ಜಾಗದಲ್ಲಿ ಜಮಖಾನ ಹಾಸಿ ವ್ಯಾಯಾಮ ಮಾಡ್ತಾಳೆ. ಜಿಮ್ಮಿಗೆ ದುಡ್ಡಿಲ್ಲದವರಿಗೆ, ಸಂಜೆ ಹಾಸ್ಟೆಲ್ ಬಾಗಿಲು ಹಾಕಿದ ಮೇಲೆ ಹೊರಗೆ ಬರಲಾಗದವರಿಗೆ, ನಾಲ್ಕು ಮಂದಿಯ ಮುಂದೆ ಮೈ ತೋರಿಸಾಕ ನಾಚಿಕೆ ಪಡೋರಿಗೆ ರೂಮಿನ ಆ ಆರಡಿ ಜಾಗವೇ ಗರಡಿ ಮನೆ. ಅದಕ್ಕೇ ಇದನ್ನು ಸರಿಯಾಗಿ ಮಾಡೋದು ಕಲಿಯಬೇಕು ಅನ್ನೋದು.

ಸೆಪ್ಟೆಂಬರ್‌ನಲ್ಲಿ ಮತ್ತೆ ಶುರು ಮಾಡಿದೆ. ಈ ಸಲ ವಾರಕ್ಕೆ ಮೂರೇ ದಿನ, 25 ನಿಮಿಷ. ಐದು ನಿಮಿಷ ಕೈಕಾಲು ಸಡಿಲ ಮಾಡೋದು. ಆಮೇಲೆ 12 ಬೈಠಕ್, ಮೊದಲ ತಿಂಗಳು ಮಂಚದ ಮೇಲೆ ಕೂತು ಏಳೋದೇ ಬೈಠಕ್. 8 ದಂಡ. ನೆಲದ ಮೇಲೆ ಆಗುತ್ತಿರಲಿಲ್ಲ, ಮೊದಲು ಗೋಡೆಗೆ, ನಂತರ ಟೇಬಲ್ಲಿಗೆ ಕೈ ಊರಿ, ಡಿಸೆಂಬರಿಗೆ ನೆಲಕ್ಕೆ ಬಂದೆ. ಆಮೇಲೆ ಕಾಲೇಜ್ ಬ್ಯಾಗಿಗೆ ಪುಸ್ತಕ ತುಂಬಿ, ಮುಂದಕ್ಕೆ ಬಾಗಿ, ಬೆನ್ನು ನೆಟ್ಟಗಿಟ್ಟು ಹೊಟ್ಟೆಯ ಕಡೆಗೆ ಎಳೆಯೋದು, ಒಂದೊಂದು ಕೈಗೆ 10. ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟ ಎತ್ತೋದು 12. ಕೊನೆಗೆ 20 ಸೆಕೆಂಡ್ ಪ್ಲಾಂಕ್. ನಡುವೆ ಒಂದು ನಿಮಿಷ ಬಿಡುವು ಕೊಟ್ಟು ಇದೇ ಮೂರು ಸುತ್ತು. ಜಿಗಿತ ಒಂದೂ ಇಲ್ಲ, ಅಜ್ಜಿಯ ಫ್ಯಾನೂ ಸುರಕ್ಷಿತ. ಸಾಮಾನು ಅಂದರೆ ಒಂದು ಜಮಖಾನ, ಒಂದು ಬ್ಯಾಗು. ಸುಲಭ ಆದಾಗ ಬ್ಯಾಗಿಗೆ ಇನ್ನೊಂದು ಪುಸ್ತಕ. ದಪ್ಪ ಟೆಕ್ಸ್ಟ್‌ಬುಕ್ಕುಗಳು ಕೊನೆಗೂ ಒಂದು ಉಪಯೋಗಕ್ಕೆ ಬಂದವು.

ಇದರಿಂದ ಕ್ಯಾಲರಿ ಬಹಳ ಖರ್ಚಾಗೋದಿಲ್ಲ, ಅದರ ಕೆಲಸವೂ ಅದಲ್ಲ. ಊಟ ಕಡಿಮೆ ಮಾಡಿದಾಗ ದೇಹ ಕೊಬ್ಬಿನ ಜೊತೆ ಸ್ನಾಯುವನ್ನೂ ಕಳಕೊಳ್ಳುತ್ತದೆ. ಭಾರ ಎಳೆದು ಎತ್ತೋ ವ್ಯಾಯಾಮ ಆ ಸ್ನಾಯುವನ್ನು ಕಾಯುತ್ತದೆ. ಕೊಬ್ಬಿನ ಲೆಕ್ಕ ತೀರೋದು ತಟ್ಟೆಯಲ್ಲಿ ಮತ್ತು ದಿನದ ನಡಿಗೆಯಲ್ಲಿ. ನಾಲ್ಕು ಚಹಾ ಎರಡಕ್ಕೆ ಇಳಿಸಿದೆ, ಒಂದೊಂದೇ ಚಮಚ ಸಕ್ಕರೆ. ಸಂಜೆ ಸೆಕ್ಟರಿನ ಅಗಲವಾದ ರಸ್ತೆಗಳಲ್ಲಿ 40 ನಿಮಿಷ ನಡಿಗೆ. ಮುಳುಗಡೆಯಾದ ಹಳೇ ಊರಿನ ಬದಲಿಗೆ ಕಟ್ಟಿದ ಈ ನವನಗರದಲ್ಲಿ ನಡೆಯಾಕಂತೂ ಜಾಗಕ್ಕೆ ಬರ ಇಲ್ಲ. ಏಪ್ರಿಲ್-ಮೇನಲ್ಲಿ ಮಾತ್ರ ಹೊತ್ತು ಮುಳುಗಿದ ಮೇಲೆ ಹೊರಡಬೇಕು.

ಊಟ ಬಿಡಲಿಲ್ಲ. ನಮ್ಮ ಕಡೆ ಊಟ ಬಿಡಬೇಕಾದಷ್ಟು ಕೆಟ್ಟದ್ದೂ ಅಲ್ಲ. ಜೋಳದ ರೊಟ್ಟಿ, ಹೆಸರುಕಾಳು ಇಲ್ಲವೇ ಮಡಕಿಕಾಳಿನ ಪಲ್ಯ, ಮೊಸರು, ಹಸಿ ಉಳ್ಳಾಗಡ್ಡಿ, ಮೆಂತೇ ಸೊಪ್ಪು. ಡಬ್ಬಿಯ ಪ್ರೋಟೀನ್ ಪುಡಿಗೆ ಸಾವಿರಗಟ್ಟಲೆ ಸುರಿಯೋ ಮೊದಲು ಈ ತಟ್ಟೆ ನೋಡ್ರಿ. ಐಸಿಎಂಆರ್ ಹೇಳೋ ಪ್ರಕಾರ ಒಂದು ಕಿಲೋ ತೂಕಕ್ಕೆ ದಿನಕ್ಕೆ ಬೇಕಾದ ಪ್ರೋಟೀನ್ ಸುಮಾರು 0.83 ಗ್ರಾಂ. ನೂರು ಗ್ರಾಂ ಒಣ ಹೆಸರುಕಾಳಿನಲ್ಲೇ ಇಪ್ಪತ್ತು ಗ್ರಾಂಗಿಂತ ಹೆಚ್ಚು ಇದೆ. ಶೇಂಗಾ ಚಟ್ನಿಯೂ ಒಳ್ಳೆಯದೇ, ಆದರೆ ಎಣ್ಣೆಕಾಳು, ಮುಷ್ಟಿ ಮುಷ್ಟಿ ಬೇಡ. ಅಮೀನಗಡದ ಕರದಂಟು ಹಬ್ಬಕ್ಕೆ ಇರಲಿ, ಓದುವ ಟೇಬಲ್ ಮೇಲೆ ಡಬ್ಬಿ ತೆರೆದಿಟ್ಟುಕೊಳ್ಳೋದು ಬೇಡ.

ಫಲಿತಾಂಶ? ಜನವರಿ ಕೊನೆಗೆ, ಅಂದರೆ ಐದು ತಿಂಗಳಿಗೆ, 84 ಇದ್ದದ್ದು 79 ಆಯಿತು. ಸೊಂಟ 99ರಿಂದ 93ಕ್ಕೆ ಬಂತು. ತಿಂಗಳಿಗೆ ಒಂದು ಕಿಲೋ. ಯಾವ ಚಾಲೆಂಜೂ ಇದನ್ನು ಜಾಹೀರಾತಿಗೆ ಹಾಕೋದಿಲ್ಲ. ಲೆಕ್ಕ ಮಾಡಿದರೆ ದಿನಕ್ಕೆ ಸುಮಾರು 250 ಕಿಲೋಕ್ಯಾಲರಿ ಕೊರತೆ. ಕಡಿಮೆ ಮಾಡಿದ ಸಕ್ಕರೆ ಮತ್ತು ನಡಿಗೆ ಸೇರಿಸಿದರೆ ಹೆಚ್ಚುಕಡಿಮೆ ತಾಳೆ ಆಗುತ್ತದೆ. ಇನ್ನೂ 90ಕ್ಕೆ ಬಂದಿಲ್ಲ, ಫೋಟೋ ತೆಗೆದು ಹಾಕುವಂಥದ್ದೂ ಏನಿಲ್ಲ. ಆದರೆ ಸೆಮಿಸ್ಟರ್ ಪರೀಕ್ಷೆಯ ವಾರದಲ್ಲೂ ಮೂರು ದಿನ ತಪ್ಪಲಿಲ್ಲ. ನನಗೆ ಹೆಮ್ಮೆ ಇರೋದು ಅದಕ್ಕೆ. ನಾನು ಗೋಡೆಯ ಕ್ಯಾಲೆಂಡರ್ ಮೇಲೆ ಗುರುತು ಹಾಕೋದು ಕಿಲೋಕ್ಕಲ್ಲ, ಮಾಡಿದ ದಿನಕ್ಕೆ. ಕಿಲೋ ನನ್ನ ಕೈಯಲ್ಲಿಲ್ಲ, ಜಮಖಾನ ಹಾಸೋದು ನನ್ನ ಕೈಯಲ್ಲಿದೆ.

ಯಾರಾದರೂ ಕೇಳಬಹುದು: ಗಡುವು ಇಲ್ಲದಿದ್ದರೆ ನಾವು ಏನಾದರೂ ಮಾಡ್ತೇವಾ? ಅಸೈನ್‌ಮೆಂಟನ್ನೇ ಕೊನೇ ರಾತ್ರಿ ಬರೆಯೋರು ನಾವು. ಮಾತು ನಿಜ. ಚಾಲೆಂಜು ಎಬ್ಬಿಸುತ್ತದೆ, ಅದು ಅದರ ಗುಣ. ಹಂಗಿದ್ದರೆ ಚಾಲೆಂಜೇ ಮಾಡ್ರಿ, ಆದರೆ 'ಮೂವತ್ತು ದಿನಗಳಲ್ಲಿ ಎಂಟು ಕಿಲೋ' ಅಂತ ಬೇಡ, 'ಒಂದು ಸೆಮಿಸ್ಟರ್, ವಾರಕ್ಕೆ ಮೂರು ದಿನ' ಅಂತ ಇರಲಿ. ಎದೆನೋವು, ತಲೆಸುತ್ತು, ಹಳೇ ಪೆಟ್ಟು ಇದ್ದರೆ ಮೊದಲು ಡಾಕ್ಟರಿಗೆ ತೋರಿಸ್ರಿ. ಕೊಬ್ಬು ಕರಗಿಸುವ ಮಾತ್ರೆ ಅಂತ ಮೊಬೈಲಿನಲ್ಲಿ ಬರೋದನ್ನು ಮುಟ್ಟಲೇಬೇಡ್ರಿ. ಮತ್ತೆ ಒಂದು ವಿನಂತಿ: ರೂಮಿನಾಗ ಯಾರಾದರೂ ಮೊದಲನೇ ಸಲ ಜಮಖಾನ ಹಾಸಿದಾಗ 'ಡುಮ್ಮಾ' ಅಂತ ವಿಡಿಯೋ ತೆಗೆಯಬೇಡ್ರಿ. ಎಷ್ಟೋ ಮಂದಿ ಬಿಡೋದು ಮೊಣಕಾಲಿನ ನೋವಿಗಲ್ಲ, ಆ ನಗುವಿಗೆ.

ಸಂಕ್ರಾಂತಿಗೆ ಊರಿಗೆ ಹೋದಾಗ ಅಪ್ಪನನ್ನೂ ಎಬ್ಬಿಸಿದೆ. ಪಡಸಾಲೆಯಲ್ಲಿ ಕುರ್ಚಿ ಇಟ್ಟು, ಕೂತು ಏಳೋದು ಹತ್ತು ಸಲ. ಐದಕ್ಕೇ ನಿಂತು ಏದುಸಿರು ಬಿಟ್ಟ. "ಇನ್ನ ಐದು ಐತಿ ಅಪ್ಪಾ" ಅಂದೆ. ಕಟ್ಟೆಯ ಮೇಲೆ ಕೂತಿದ್ದ ಅಜ್ಜ ಅಲ್ಲಿಂದಲೇ ಹೇಳಿದ:

"ಸಾಕ ಬಿಡಲೇ. ನಾಳೆ ಮತ್ತ ಮಾಡಬೇಕಲ್ಲ."