ದಾರಿ ಸೈಕಲ್ಲಿನವನಿಗೂ ಸೇರಿದ್ದು

ಹೈದರಾಬಾದಿನಿಂದ ಬೆಂಗಳೂರಿಗೆ ಹೋಗುವ 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ, ಇಟಿಕ್ಯಾಲದ ಸೀಮೆಯಲ್ಲಿ, ಎರ್ರವಳ್ಳಿ ಚೌರಸ್ತಾ ಇದೆ. ಗದ್ವಾಲ, ರಾಯಚೂರುಗಳ ಕಡೆಗೆ ದಾರಿ ಕವಲೊಡೆಯುವುದು ಅಲ್ಲಿಯೇ. ಎರಡು ಮಹಾನಗರಗಳ ಅವಸರವೆಲ್ಲ ಕಾರು ಲಾರಿಗಳೊಡನೆ ಅಲ್ಲಿ ಹಾದುಹೋಗುತ್ತದೆ. ಬುತ್ತಿ ಕಟ್ಟಿಕೊಂಡು ಕೂಲಿಗೆ ಹೊರಟವನು ಅದೇ ರಸ್ತೆಯನ್ನು ಸೈಕಲ್ಲಿನಲ್ಲಿ ದಾಟಬೇಕು.

ಹಾರ್ನ್ ಹೊಡೆದರೆ ತಮ್ಮ ಹೊಣೆ ತೀರಿತೆಂದು ಗಾಡಿ ನಡೆಸುವ ಅನೇಕರು ತಿಳಿದಿದ್ದಾರೆ. ತೀರುವುದಿಲ್ಲವೆಂದು ನಾವು ಹೇಳುತ್ತೇವೆ. ಚೌರಸ್ತಾ ಬರುವ ಮುಂಚೆಯೇ ವೇಗ ಇಳಿಸಬೇಕು. ಸೈಕಲ್ಲನ್ನು ಹಿಂದೆ ಹಾಕುವಾಗ ಒಂದು ಮಾರಿನಷ್ಟಾದರೂ ಜಾಗ ಬಿಡಬೇಕು. ಇದನ್ನು ದಯೆಯೆಂದು ಎಣಿಸುವುದು ಬೇಡ. ಭಾರವಾದ ಗಾಡಿ ಹಿಡಿದವರ ಹೊಣೆಯೂ ಭಾರವಾದದ್ದು.

ನಮ್ಮ ಪಾಲಿನ ಕರ್ತವ್ಯವೂ ಉಂಟು. ಸುತ್ತು ತಪ್ಪಿಸಲೆಂದು ಎದುರು ದಿಕ್ಕಿನಲ್ಲಿ ತುಳಿಯುವುದನ್ನು ಬಿಡೋಣ. ಎಡಬದಿಯಲ್ಲೇ, ಒಬ್ಬರ ಹಿಂದೆ ಒಬ್ಬರು ಹೋಗೋಣ. ಕತ್ತಲಲ್ಲಿ ಸೈಕಲ್ಲಿನ ಮುಂದೆ ದೀಪ, ಹಿಂದೆ ಹೊಳೆಯುವ ಕೆಂಪು ಬಿಲ್ಲೆ ಇರಲಿ.

ಗುದ್ದಿದ ಗಾಡಿ ಓಡಿಹೋದರೆ ಹಣೆಬರಹವೆಂದು ಸುಮ್ಮನಾಗಬೇಡಿರಿ. ಗುರುತು ಸಿಗದ ವಾಹನದಿಂದ ಸಾವಾದರೆ 2 ಲಕ್ಷ, ತೀವ್ರ ಗಾಯವಾದರೆ 50,000 ರೂಪಾಯಿ ಪರಿಹಾರ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಪೊಲೀಸರಲ್ಲಿ ದೂರು ಬರೆಸಿರಿ. ಅರ್ಜಿಯ ವಿಷಯವನ್ನು ತಹಶೀಲ್ದಾರರ ಕಚೇರಿಯಲ್ಲಿ ಕೇಳಿರಿ. ಗಾಯಾಳುವನ್ನು ಆಸ್ಪತ್ರೆಗೆ ಒಯ್ಯಲೂ ಹೆದರಬೇಡಿರಿ. ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆ ರಕ್ಷಣೆ ಕೊಟ್ಟಿದೆ.

ನಮ್ಮ ತೋಟಗಳ ಮುಂದಿನ ಡಾಂಬರು ರಸ್ತೆಗೂ ಇದೇ ನ್ಯಾಯ. ಓದು ಬಾರದವರಿಗೆ ಲೈನಿನ ಮನೆಮನೆಯಲ್ಲೂ ಇದನ್ನು ಓದಿ ಹೇಳಿರಿ.