ಭಾಗ 4: ಬೈಕಿಗೆ ಆರ್‌ಸಿ ಕೇಳ್ತೀವಿ, ಹಲ್ಲಿಗೆ?

ಖಾನಾಪುರದ ನಮ್ಮ ಕಾಕಾ ಇಂಪ್ಲಾಂಟ್ ಹಲ್ಲು ಕೂಡಿಸ್ಕೊಂಡು ಮೂರು ವರ್ಷ ಆತು. ಈಗ ಸ್ಕ್ರೂ ಸಡಿಲ, ಒಸಡಿನಾಗ ರಕ್ತ. ಬೆಳಗಾವಿಗೆ ಕರ್ಕೊಂಡು ಬಂದ್ರ ಡಾಕ್ಟರ್ ಮೊದಲು ಕೇಳಿದ್ದು: "ಯಾವ ಕಂಪನಿ, ಯಾವ ಕನೆಕ್ಷನ್?" ನಮ್ಮ ಕಡೆ ಇದ್ದದ್ದು ದುಡ್ಡು ಕಟ್ಟಿದ ರಶೀದಿ ಅಷ್ಟ.

ನೋಡ್ರಿ, ಎಲುಬಿನೊಳಗ ಟೈಟಾನಿಯಂ ಬೇರು, ಅದರ ಮ್ಯಾಲೆ ಅಬಟ್‌ಮೆಂಟ್, ಅದರ ಮ್ಯಾಲೆ ಕ್ಯಾಪ್. ಬೇರು ಮತ್ತು ಅಬಟ್‌ಮೆಂಟ್ ಕೂಡೋ ಕಡೆ ಕಣ್ಣಿಗೆ ಕಾಣದ ಸಂದಿ ಇರ್ತೈತಿ. ಅಗಿಯುವಾಗ ಅದು ಅಲುಗಾಡಿದ್ರ ಬ್ಯಾಕ್ಟೀರಿಯಾ ಸೇರಿ ಒಸಡು ಊದ್ತೈತಿ, ಎಲುಬು ಸವೀತೈತಿ.

1965ರಲ್ಲಿ ಸ್ವೀಡನ್ನಿನ ಬ್ರೊನೆಮಾರ್ಕ್ ಮೊದಲ ರೋಗಿಗೆ ಇಂಪ್ಲಾಂಟ್ ಕೂಡಿಸಿದರು. ಮುಂದೆ ಬಹಳ ವರ್ಷ ಹೊರಗಿನ ಷಟ್ಕೋನದ ಜೋಡಣೆಯೇ ನಡೀತು. ಮೊದಲ ವರ್ಷ ಸುಮಾರು 1.5 ಮಿ.ಮೀ. ಎಲುಬು ಹೋಗೋದು ಸಹಜ ಅಂತ ಒಪ್ಕೊಂಡಿದ್ರು. ಈಗ ಒಳಗ ಬಿಗಿಯಾಗಿ ಕೂಡೋ ಶಂಕುವಿನಾಕಾರದ ಜೋಡಣೆ ಬಂದೈತಿ. ಅಬಟ್‌ಮೆಂಟ್ ಬೇರಿಗಿಂತ ಸಣ್ಣದಿದ್ರ ಸಂದಿ ಎಲುಬಿನ ಅಂಚಿನಿಂದ ದೂರ ಸರೀತೈತಿ. ಇದಕ್ಕ ಪ್ಲಾಟ್‌ಫಾರ್ಮ್ ಸ್ವಿಚಿಂಗ್ ಅಂತಾರ. ಇಂಥದರಾಗ ಎಲುಬು ಸಾಮಾನ್ಯವಾಗಿ ಹೆಚ್ಚು ಉಳೀತೈತಿ.

ಹಂಗಂತ ಡಿಸೈನ್ ಒಂದೇ ಎಲ್ಲಾ ಅಲ್ಲ. ಸರಿಯಾಗಿ ಹಲ್ಲುಜ್ಜದಿದ್ರ, ಶುಗರ್ ಹಿಡಿತದಾಗ ಇಲ್ಲದಿದ್ರ ಯಾವ ಜೋಡಣೆನೂ ಕಾಯೋದಿಲ್ಲ. ಕಾಕಾನ ಬೀಡಿಗೂ ಇದರಾಗ ಪಾಲು ಇರಬಹುದು.

ಆದ್ರ ಬಿಕಾಂನವ್ರು ನಾವು. ಖರೀದಿ ಬೆಲೆ ಅಷ್ಟ ಬರೆದು ರಿಪೇರಿ ಖರ್ಚು ಬಿಟ್ರ ಲೆಕ್ಕ ತಪ್ಪು. ಜೋಡಣೆ ಯಾವುದು ಅಂತ ಗೊತ್ತಿಲ್ಲದಿದ್ರ ಹೊಂದೋ ಸ್ಕ್ರೂ ಹುಡುಕೋದೇ ಒಂದು ಖರ್ಚು. ಕಂಪನಿ, ಸೈಜ್, ಲಾಟ್ ನಂಬರ್, ಕನೆಕ್ಷನ್ ಬರೆದ ಕಾರ್ಡ್ ಕೈಗೆ ಬರೋತನಕ ಕೊನೆ ಕಂತು ಕೊಡಬ್ಯಾಡ್ರಿ.

ನಿಮ್ಮ ಮನ್ಯಾಗ ಯಾರಿಗಾದ್ರೂ ಇಂಪ್ಲಾಂಟ್ ಐತೇನು? ಇವತ್ತ ಕಾರ್ಡ್ ಹುಡುಕ್ರಿ, ಸಿಕ್ತೋ ಇಲ್ಲೋ ಕಾಮೆಂಟ್‌ನಾಗ ಹೇಳ್ರಿ.