ರಿಪೋರ್ಟಿನಲ್ಲಿ ನಕ್ಷತ್ರವಿಲ್ಲ ಎಂದ ಮಾತ್ರಕ್ಕೆ...

"ಎಲ್ಲಾ ನಾರ್ಮಲ್ ಅಂತ ಇದೆಯಲ್ಲ ಡಾಕ್ಟ್ರೇ, ಮತ್ತೆ ಅಪ್ಪನಿಗೆ ಹಾರ್ಟ್ ಅಟ್ಯಾಕ್ ಯಾಕಾಯ್ತು?"

ಕಳೆದ ವರ್ಷ ನನ್ನ ಹಳೆಯ ರೋಗಿಯೊಬ್ಬರ ಮಗ ರಕ್ತಪರೀಕ್ಷೆಯ ವರದಿಯನ್ನು ಮೇಜಿನ ಮೇಲಿಟ್ಟು ಹೀಗೆ ಕೇಳಿದಾಗ ತಕ್ಷಣ ಉತ್ತರಿಸಲು ನನಗೆ ಕಷ್ಟವಾಯಿತು. ತಂದೆಗೆ 54 ವರ್ಷ, ದಿನಸಿ ಅಂಗಡಿಯ ವ್ಯಾಪಾರ, ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಕೊಲೆಸ್ಟ್ರಾಲ್ ತಗ್ಗಿಸಲು ಸ್ಟ್ಯಾಟಿನ್ ಮಾತ್ರೆ ಬರೆದುಕೊಟ್ಟವನು ನಾನೇ. ಒಮ್ಮೆ ಅವರು ತಾವಾಗಿಯೇ ಲ್ಯಾಬಿಗೆ ಹೋಗಿ ಪರೀಕ್ಷೆ ಮಾಡಿಸಿದ್ದರು. ಎಲ್.ಡಿ.ಎಲ್. 96. ಪಕ್ಕದಲ್ಲಿ ಅಚ್ಚಾಗಿದ್ದ ಮಿತಿ 100. ನಕ್ಷತ್ರದ ಗುರುತಿಲ್ಲ. ಇನ್ನು ಮಾತ್ರೆ ಏಕೆಂದು ನಿಲ್ಲಿಸಿಬಿಟ್ಟರು. ಎಂಟು ತಿಂಗಳ ನಂತರ ಹೃದಯಾಘಾತ. ಪುಣ್ಯಕ್ಕೆ ಬದುಕುಳಿದರು.

ಇಲ್ಲಿ ಆದದ್ದು ಎರಡು ತಪ್ಪು. ಮೊದಲನೆಯದು, ಆ 96 ಮಾತ್ರೆಯಿಂದ ಬಂದ ಅಂಕಿ. ಅದನ್ನು ನೋಡಿ ಮಾತ್ರೆ ಬಿಡುವುದೆಂದರೆ ಮಳೆಯಲ್ಲಿ ನಡೆಯುತ್ತಾ, ಮೈ ನೆನೆದಿಲ್ಲವಲ್ಲ ಎಂದು ಕೊಡೆ ಮಡಚಿದ ಹಾಗೆ. ಎರಡನೆಯದು, ವರದಿಯಲ್ಲಿ ಅಚ್ಚಾದ ಮಿತಿ ಎಲ್ಲರಿಗೂ ಒಂದೇ ಅಲ್ಲ. ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರಲ್ಲಿ ಹೊರತಂದ ಮಾರ್ಗಸೂಚಿಯಂತೆ, ಅಪಾಯ ಕಡಿಮೆಯಿರುವವರಿಗೆ ಎಲ್.ಡಿ.ಎಲ್. 100ರೊಳಗೆ, ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥ ಹೆಚ್ಚಿನ ಅಪಾಯವಿರುವವರಿಗೆ 70ರೊಳಗೆ, ಈಗಾಗಲೇ ಹೃದಯಾಘಾತವಾದವರಿಗೆ 55ರೊಳಗೆ ಇರಬೇಕು. ಅಂದರೆ ಅವರ 96 'ನಾರ್ಮಲ್' ಆಗಿರಲೇ ಇಲ್ಲ.

ಇದಕ್ಕೆ ತದ್ವಿರುದ್ಧವಾದ ಪ್ರಸಂಗವೂ ಉಂಟು. 34ರ ಗೃಹಿಣಿಯೊಬ್ಬರು ಒಟ್ಟು ಕೊಲೆಸ್ಟ್ರಾಲ್ 204 ಎಂಬ ಅಂಕಿಯ ಪಕ್ಕ ನಕ್ಷತ್ರ ಕಂಡು ಹೆದರಿ ತುಪ್ಪ, ಕಡಲೆಕಾಯಿ, ತೆಂಗಿನಕಾಯಿ ಎಲ್ಲವನ್ನೂ ಬಿಟ್ಟು ಸೊರಗಿದ್ದರು. ಅವರ ಎಚ್.ಡಿ.ಎಲ್. 84, ಟ್ರೈಗ್ಲಿಸರೈಡ್ 110, ಎಲ್.ಡಿ.ಎಲ್. 98. ಒಟ್ಟು ಅಂಕಿಯನ್ನು ಏರಿಸಿದ್ದು 'ಒಳ್ಳೆಯದು' ಎನ್ನುವ ಎಚ್.ಡಿ.ಎಲ್. ಅವರಿಗೆ ಬೇಕಿದ್ದುದು ಮಾತ್ರೆಯಲ್ಲ, ಧೈರ್ಯದ ಮಾತು.

ಹಾಗಾದರೆ ವರದಿಯನ್ನು ಓದುವುದು ಹೇಗೆ? ಒಟ್ಟು ಕೊಲೆಸ್ಟ್ರಾಲಿನಿಂದ ಎಚ್.ಡಿ.ಎಲ್. ಅನ್ನು ಕಳೆಯಿರಿ. ಉಳಿದದ್ದು ರಕ್ತನಾಳದ ಗೋಡೆಗೆ ಮೆತ್ತಿಕೊಳ್ಳಬಲ್ಲ ಕೊಲೆಸ್ಟ್ರಾಲ್. ಎಲ್.ಡಿ.ಎಲ್. ಮಿತಿಗೆ 30 ಕೂಡಿಸಿದರೆ ಇದರ ಮಿತಿ ಸಿಗುತ್ತದೆ. ಆ ಗೃಹಿಣಿಯದು 120, ಮಿತಿ 130. ಟ್ರೈಗ್ಲಿಸರೈಡ್ 150ರ ಕೆಳಗಿರುವುದು ಒಳ್ಳೆಯದು. 500 ದಾಟಿದರೆ ಮೇದೋಜೀರಕ ಗ್ರಂಥಿಗೇ ಅಪಾಯ. ಎಚ್.ಡಿ.ಎಲ್. ಗಂಡಸರಲ್ಲಿ 40, ಹೆಂಗಸರಲ್ಲಿ 50ಕ್ಕಿಂತ ಕಡಿಮೆಯಿರಬಾರದು. ನಮ್ಮವರಲ್ಲಿ ಟ್ರೈಗ್ಲಿಸರೈಡ್ ಹೆಚ್ಚು, ಎಚ್.ಡಿ.ಎಲ್. ಕಡಿಮೆ ಎಂಬ ಜೋಡಿ ಬಹಳ ಸಾಮಾನ್ಯ. ಇದಕ್ಕೆ ಎಣ್ಣೆಯೊಂದೇ ಕಾರಣವಲ್ಲ. ತಟ್ಟೆ ತುಂಬ ಅನ್ನ, ಸಿಹಿ, ಮದ್ಯ, ಹೊಟ್ಟೆಯ ಬೊಜ್ಜು, ನಡಿಗೆ ಇಲ್ಲದ ದಿನಚರಿ ಎಲ್ಲವೂ ಕಾರಣ.

ಅನೇಕ ಲ್ಯಾಬುಗಳು ಎಲ್.ಡಿ.ಎಲ್. ಅನ್ನು ನೇರವಾಗಿ ಅಳೆಯದೆ ಲೆಕ್ಕ ಹಾಕುತ್ತವೆ. ಟ್ರೈಗ್ಲಿಸರೈಡ್ 400 ಮೀರಿದಾಗ ಹಳೆಯ ಲೆಕ್ಕ ನಂಬಿಕೆಗೆ ಅರ್ಹವಲ್ಲ. ಆಗ ಖಾಲಿ ಹೊಟ್ಟೆಯಲ್ಲಿ ಮತ್ತೆ ಪರೀಕ್ಷಿಸಬೇಕು. ಥೈರಾಯ್ಡ್ ಕೊರತೆಯಿದ್ದರೂ ಕೊಲೆಸ್ಟ್ರಾಲ್ ಏರುತ್ತದೆ. ಎಲ್.ಡಿ.ಎಲ್. 190 ದಾಟಿದ್ದರೆ ಅದು ವಂಶದಲ್ಲೇ ಬಂದದ್ದಿರಬಹುದು. ಅಣ್ಣತಮ್ಮ, ಅಕ್ಕತಂಗಿ, ಮಕ್ಕಳಿಗೂ ಪರೀಕ್ಷೆ ಮಾಡಿಸಿ.

ಇನ್ನು 'ಕೊಲೆಸ್ಟ್ರಾಲ್ ಇಲ್ಲ' ಎಂಬ ಎಣ್ಣೆ ಪೊಟ್ಟಣದ ಬರಹ. ಸಸ್ಯಜನ್ಯವಾದ ಯಾವ ಎಣ್ಣೆಯಲ್ಲೂ ಕೊಲೆಸ್ಟ್ರಾಲ್ ಲೆಕ್ಕಕ್ಕೆ ಸಿಗುವಷ್ಟು ಇರುವುದಿಲ್ಲ. ನಮ್ಮ ಮೈಯ ಕೊಲೆಸ್ಟ್ರಾಲಿನ ಬಹುಪಾಲನ್ನು ನಮ್ಮ ದೇಹವೇ ತಯಾರಿಸುತ್ತದೆ. ಆದ್ದರಿಂದ ಆ ಬರಹವನ್ನು ನಂಬಿ ದಿನಾ ಬೋಂಡ ಕರಿಯಬೇಡಿ.

ಮಾತ್ರೆಯ ಬಗ್ಗೆ ಅನೇಕರಿಗೆ ಭಯವಿದೆ. 1994ರಲ್ಲಿ ಪ್ರಕಟವಾದ ಸ್ಕ್ಯಾಂಡಿನೇವಿಯಾದ ಅಧ್ಯಯನದಲ್ಲಿ 4,444 ಹೃದ್ರೋಗಿಗಳಿದ್ದರು. ಸಿಮ್ವಾಸ್ಟ್ಯಾಟಿನ್ ಸೇವಿಸಿದವರಲ್ಲಿ ಸಾವು ಶೇ. 30ರಷ್ಟು ಕಡಿಮೆಯಾಗಿತ್ತು. ಕೆಲವರಿಗೆ ಸ್ನಾಯು ನೋವು ಬರುವುದುಂಟು. ಬಂದರೆ ವೈದ್ಯರಿಗೆ ಹೇಳಿ; ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸಬಹುದು. ಗರ್ಭಿಣಿಯಾಗುವ ಯೋಚನೆಯಿದ್ದರೆ ಮೊದಲೇ ತಿಳಿಸಿ. ನೆರೆಮನೆಯವರ ಮಾತು ಕೇಳಿ ಮಾತ್ರ ನಿಲ್ಲಿಸಬೇಡಿ.

ಆ ವ್ಯಾಪಾರಿಗೆ "ಇದು ಬಿಡುವ ಮಾತ್ರೆಯಲ್ಲ" ಎಂದು ಅಂದು ನಾನು ಹೇಳಿದ್ದೆನೇ? ನೆನಪಿಲ್ಲ. ಹೇಳಿದ್ದರೂ ಆ ಮಾತು ಅವರ ಮನಸ್ಸಿಗೆ ಮುಟ್ಟಿರಲಿಲ್ಲ. ಈಗ ಪ್ರತಿಯೊಬ್ಬ ರೋಗಿಯ ಚೀಟಿಯ ಮೇಲೂ ಅವರ ಗುರಿ ಎಷ್ಟೆಂದು ದೊಡ್ಡದಾಗಿ ಬರೆಯುತ್ತೇನೆ. ಎಲ್ಲ ವೈದ್ಯರೂ ಹೀಗೆ ಬರೆಯಬೇಕು, 'ಈ ಮಿತಿ ನಿಮ್ಮ ಗುರಿಯಲ್ಲದಿರಬಹುದು' ಎಂದು ಲ್ಯಾಬುಗಳೂ ವರದಿಯಲ್ಲಿ ಅಚ್ಚು ಹಾಕಬೇಕು ಎಂಬುದು ನನ್ನ ಅಭಿಪ್ರಾಯ. ಅಲ್ಲಿಯವರೆಗೆ ನಿಮ್ಮ ಮನೆಯ ವೈದ್ಯರನ್ನು ನೀವೇ ಕೇಳಿ: "ನಾರ್ಮಲ್ ಎಷ್ಟೋ ಇರಲಿ, ನನಗೆ ಎಷ್ಟಿರಬೇಕು?"